‘ಕ್ಷಿಪ್ರಕ್ರಾಂತಿ’ ಎಂಬ ಒಂದೇ ಪದ ಹಿಡಿದು ನೋಡಿದ ಸುದ್ದಿ ಆ್ಯಪ್

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವ ಕನ್ನಡ ಮಾಧ್ಯಮದ ಅಭ್ಯರ್ಥಿಗಳಿಗೆ ನಾನು ಅಂತರರಾಷ್ಟ್ರೀಯ ವಿದ್ಯಮಾನಗಳ ಪಾಠ ಹೇಳುತ್ತೇನೆ. ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಬರೆಯಬೇಕಾದ ಪಾಡು ಈ ಹುಡುಗ ಹುಡುಗಿಯರಿಗೆ ಒಂದಿಷ್ಟಾದರೂ ತಪ್ಪಲಿ ಎಂಬ ಆಸೆಯಿಂದ, ವಿದೇಶಿ ಸುದ್ದಿಯನ್ನು ಕನ್ನಡದಲ್ಲೇ ವಿವರವಾಗಿ ಕೊಡುವುದಾಗಿ ಹೇಳಿಕೊಂಡ ಸುದ್ದಿ ಆ್ಯಪ್ ಒಂದಕ್ಕೆ 2023ರ ಜೂನ್ ತಿಂಗಳಲ್ಲಿ ಚಂದಾ ಕಟ್ಟಿದೆ. ಅಂದಿನಿಂದ ಒಂದು ದಿನವೂ ಬಿಡದೆ ಅದನ್ನು ಓದಿದ್ದೇನೆ, ಅದರಿಂದ ಟಿಪ್ಪಣಿ ಮಾಡಿದ್ದೇನೆ, ಅದನ್ನು ನಂಬಿ ಪಾಠ ಮಾಡಿ ಕೆಲವೊಮ್ಮೆ ತಪ್ಪನ್ನೂ ಹೇಳಿಕೊಟ್ಟಿದ್ದೇನೆ. ಸಂಸ್ಥೆಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ನಾನು ಎತ್ತಿ ತೋರಿಸಲಿರುವ ದೋಷಗಳು ಅದೊಂದರದ್ದೇ ಅಲ್ಲ, ಕನ್ನಡದಲ್ಲಿ ಜಗತ್ತಿನ ಸುದ್ದಿ ಬರೆಯುವ ಬಹುತೇಕರಲ್ಲಿ ಇವು ಕಾಣುತ್ತವೆ.

ಆ್ಯಪ್‌ನ ಅಂದಚೆಂದ, ಅಕ್ಷರದ ಗಾತ್ರ, ಜಾಹೀರಾತುಗಳ ಕಾಟ ಇವುಗಳ ಬಗ್ಗೆ ಬರೆಯುವವರು ಬೇರೆ ಇದ್ದಾರೆ. ನಾನು ಒಂದೇ ಒಂದು ಪದವನ್ನು ಹಿಡಿದು ಈ ಸೇವೆಯನ್ನು ಪರೀಕ್ಷಿಸಿದ್ದೇನೆ: ಕ್ಷಿಪ್ರಕ್ರಾಂತಿ, ಎಂದರೆ ಇಂಗ್ಲಿಷಿನವರು ‘ಕೂ’ ಎನ್ನುವ, ಬಲಪ್ರಯೋಗದಿಂದ ದೇಶದ ಅಧಿಕಾರವನ್ನು ದಿಢೀರನೆ ಕಸಿದುಕೊಳ್ಳುವ ಕೆಲಸ. ನಾನು ಚಂದಾದಾರನಾದ ಮರುತಿಂಗಳೇ ನೈಜರ್ ದೇಶದಲ್ಲಿ ಸೇನೆ ಅಧಿಕಾರ ಕಸಿದುಕೊಂಡಿತು, ಅದರ ಮುಂದಿನ ತಿಂಗಳು ಗ್ಯಾಬೊನ್. 2024ರಲ್ಲಿ ಬಾಂಗ್ಲಾದೇಶದ ಸರ್ಕಾರ ಬಿತ್ತು, ದಕ್ಷಿಣ ಕೊರಿಯಾದ ಅಧ್ಯಕ್ಷರು ರಾತ್ರೋರಾತ್ರಿ ಸೇನಾಡಳಿತ ಸಾರಿದರು. 2025ರಲ್ಲಿ ನೇಪಾಳ ಮತ್ತು ಮಡಗಾಸ್ಕರ್. ಈ ಆರು ಘಟನೆಗಳಲ್ಲಿ ಹೆಚ್ಚಿನವಕ್ಕೆ ಆ್ಯಪ್ ಒಂದಲ್ಲ ಒಂದು ಸಲ ಬಳಸಿದ ಪದ ಇದೇ. ಆದರೆ ಆ ಆರರಲ್ಲಿ ನಡೆದದ್ದು ಒಂದೇ ಬಗೆಯ ಕೆಲಸವಲ್ಲ.

ಈ ಪದದ ಗೊಡವೆಗೆ ನನ್ನನ್ನು ಎಳೆದದ್ದು ಒಂದು ಉತ್ತರ ಪತ್ರಿಕೆ. 2023ರ ಆಗಸ್ಟ್‌ನಲ್ಲಿ ನಾನು ಕೊಟ್ಟ ಅಭ್ಯಾಸ ಪರೀಕ್ಷೆಯಲ್ಲಿ ನೈಜರ್ ಕುರಿತು ಒಂದು ಪ್ರಶ್ನೆ ಇತ್ತು. ಗದಗ ಜಿಲ್ಲೆಯಿಂದ ಬಂದ, ದುಂಡಗೆ ಬರೆಯುವ, ಪ್ರತಿ ಉತ್ತರದ ಮುಖ್ಯ ಪದಕ್ಕೆ ಅಡಿಗೆರೆ ಎಳೆಯುವ ವಿದ್ಯಾರ್ಥಿನಿಯೊಬ್ಬಳು, “ನೈಜರ್‌ನ ಜನರು ಕ್ರಾಂತಿಯ ಮೂಲಕ ತಮ್ಮ ಅಧ್ಯಕ್ಷರನ್ನು ಪದಚ್ಯುತಗೊಳಿಸಿದರು” ಎಂದು ಬರೆದು, ‘ಕ್ರಾಂತಿ’ಯ ಕೆಳಗೆ ಎರಡು ಗೆರೆ ಎಳೆದಿದ್ದಳು. ತಪ್ಪೆಂದು ಕೆಂಪು ಶಾಯಿಯಲ್ಲಿ ಸುತ್ತು ಹಾಕಿದೆ. ಕೇಳಿದಾಗ ಅವಳು ಮೊಬೈಲ್ ತೆಗೆದು, ನಾನೇ ತರಗತಿಯ ಗುಂಪಿಗೆ ಕಳಿಸಿದ್ದ ಆ್ಯಪ್‌ನ ಸುದ್ದಿಯನ್ನು ತೋರಿಸಿದಳು. ಶೀರ್ಷಿಕೆಯಲ್ಲಿ ‘ಕ್ಷಿಪ್ರ ಕ್ರಾಂತಿ’ ಎಂದಿತ್ತು, ಎರಡನೆಯ ಪ್ಯಾರಾದಲ್ಲಿ ಅದು ಬರೀ ‘ಕ್ರಾಂತಿ’ಯಾಗಿತ್ತು, ಕೊನೆಯಲ್ಲಿ ‘ಕ್ರಾಂತಿಕಾರಿಗಳು’ ಟಿವಿಯಲ್ಲಿ ಹೇಳಿಕೆ ಓದಿದರೆಂದು ಮುಗಿದಿತ್ತು. ಅವಳು ಓದಿದ್ದನ್ನು ಓದಿದಂತೆಯೇ ಬರೆದಿದ್ದಳು.

ನಿಜವಾಗಿ ನಡೆದದ್ದು ಹೀಗೆ. 2023ರ ಜುಲೈ 26ರಂದು ನೈಜರ್ ಅಧ್ಯಕ್ಷ ಮೊಹಮದ್ ಬಜೂಮ್ ಅವರನ್ನು ಕಾಯಬೇಕಾಗಿದ್ದ ಅಧ್ಯಕ್ಷೀಯ ಅಂಗರಕ್ಷಕ ಪಡೆಯೇ ಅವರ ನಿವಾಸದಲ್ಲಿ ಅವರನ್ನು ಕೂಡಿಹಾಕಿತು. ಆ ರಾತ್ರಿ ಸಮವಸ್ತ್ರದ ಅಧಿಕಾರಿಗಳ ಒಂದು ಸಾಲು ದೂರದರ್ಶನದಲ್ಲಿ ಕಾಣಿಸಿಕೊಂಡು, ಕುಳಿತಿದ್ದ ಒಬ್ಬರು ಕಾಗದ ಹಿಡಿದು ಓದಿದರು. ಎರಡು ದಿನಗಳ ಬಳಿಕ ಅಂಗರಕ್ಷಕ ಪಡೆಯ ಮುಖ್ಯಸ್ಥ ಜನರಲ್ ಅಬ್ದುರಹಮಾನ್ ಚಿಯಾನಿ ತಾನೇ ದೇಶದ ನಾಯಕನೆಂದು ಘೋಷಿಸಿಕೊಂಡರು. 1960ರಲ್ಲಿ ಸ್ವತಂತ್ರವಾದ ಆ ದೇಶದಲ್ಲಿ ಒಬ್ಬ ಚುನಾಯಿತ ಅಧ್ಯಕ್ಷರಿಂದ ಇನ್ನೊಬ್ಬ ಚುನಾಯಿತ ಅಧ್ಯಕ್ಷರಿಗೆ ಶಾಂತಿಯುತವಾಗಿ ಅಧಿಕಾರ ಹೋದದ್ದು 2021ರಲ್ಲಿ, ಬಜೂಮ್ ಅವರ ಕಾಲಕ್ಕೇ ಮೊದಲು. ಜನರು ಬೀದಿಗೆ ಬಂದದ್ದು, ಪರ ವಿರೋಧ ಎರಡೂ, ಅದರ ನಂತರದ ಮಾತು. ಇಷ್ಟೆಲ್ಲವೂ ಆ್ಯಪ್‌ನ ಒಳಪುಟದ ವಿವರಣಾ ಲೇಖನದಲ್ಲಿ ಚೆನ್ನಾಗಿಯೇ ಇತ್ತು. ಆದರೆ ಆ ಲೇಖನ ಬಂದದ್ದು ನಾಲ್ಕನೆಯ ದಿನ; ಅಷ್ಟು ಹೊತ್ತಿಗೆ ‘ಕ್ರಾಂತಿ’ ಎಂಬ ಮಾತು ನೂರಾರು ಟಿಪ್ಪಣಿ ಪುಸ್ತಕಗಳಿಗೆ ಇಳಿದುಹೋಗಿತ್ತು. ಮೊದಲ ದಿನದ ಅಲರ್ಟ್ ಒಂದರಲ್ಲಂತೂ ನೈಜರ್ ಬದಲು ನೈಜೀರಿಯಾ ಎಂದೇ ಬಂದಿತ್ತು.

ಇಲ್ಲಿ ತುಸು ನಿಂತು ಪದದ ಕಡೆಗೇ ನೋಡಬೇಕು. ಫ್ರೆಂಚರ ಮೂಲ ಮಾತು ‘ಕೂ ದೇತಾ’. ಅದರ ಅಕ್ಷರಾರ್ಥ ರಾಜ್ಯದ ಹೊಡೆತ, ರಾಜ್ಯದ ಪೆಟ್ಟು. ಸ್ಪ್ಯಾನಿಷಿನ ‘ಗೋಲ್ಪೆ’ಯೂ ಪೆಟ್ಟೇ, ತುರ್ಕಿಯ ‘ದರ್ಬೆ’ಯೂ ಪೆಟ್ಟೇ. ಥಾಯ್ ಭಾಷೆಯವರು ಇದನ್ನು ತಮ್ಮಲ್ಲಿ ಕಟ್ಟಿಕೊಂಡ ಬಗೆ ಕನ್ನಡಿಗರಿಗೆ ಮನೆಯ ಮಾತಿನಂತೆ ಕೇಳಿಸುತ್ತದೆ: ‘ರಟ್ಠಪ್ರಹಾನ್’, ಎಂದರೆ ರಾಷ್ಟ್ರ ಮತ್ತು ಪ್ರಹಾರ. ಲಾಠಿ ಪ್ರಹಾರದ ಪ್ರಹಾರವೇ ಅದು. 2006ರ ಸೆಪ್ಟೆಂಬರ್ 19ರಂದು ಮತ್ತು 2014ರ ಮೇ 22ರಂದು ಬ್ಯಾಂಕಾಕಿನಲ್ಲಿ ಸೇನೆ ಅಧಿಕಾರ ಹಿಡಿದಾಗ ಥಾಯ್ ಪತ್ರಿಕೆಗಳು ಬರೆದದ್ದು ಇದೇ ಪದ. ಈ ಎಲ್ಲ ಭಾಷೆಗಳಲ್ಲಿ ಪದವನ್ನು ಉಚ್ಚರಿಸಿದೊಡನೆ ಯಾರೋ ಕೈ ಎತ್ತಿದರು, ಯಾರಿಗೋ ಪೆಟ್ಟು ಬಿತ್ತು ಎಂಬುದು ಕಿವಿಗೆ ತಟ್ಟುತ್ತದೆ.

ಕನ್ನಡದ ‘ಕ್ಷಿಪ್ರಕ್ರಾಂತಿ’ಯಲ್ಲಿ ಪೆಟ್ಟು ಇಲ್ಲ. ಅದರಲ್ಲಿ ಇರುವುದು ವೇಗ, ಮತ್ತು ಬದಲಾವಣೆ. ‘ಕ್ಷಿಪ್ರ’ ನಮಗೆ ಒಳ್ಳೆಯ ಮಾತು. ಬೇಗ ಒಲಿಯುವ ಗಣಪತಿಯನ್ನು ಕ್ಷಿಪ್ರಪ್ರಸಾದ ಎನ್ನುತ್ತೇವೆ. ‘ಕ್ರಾಂತಿ’ಯಂತೂ ಇನ್ನೂ ದೊಡ್ಡ ಮಾತು. ಕಲ್ಯಾಣದ ಕ್ರಾಂತಿ ಎಂದರೆ ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರೂ ಶರಣರೂ ಜಾತಿಯ ಕಟ್ಟು ಮುರಿಯಲು ತೆತ್ತ ಬೆಲೆ ನೆನಪಾಗುತ್ತದೆ. ಹಸಿರು ಕ್ರಾಂತಿ, ಕ್ಷೀರ ಕ್ರಾಂತಿ ಎಂದರೆ ಹೊಟ್ಟೆ ತುಂಬಿದ ನೆನಪು. ಇಷ್ಟು ಗೌರವ ಹೊತ್ತ ಪದವನ್ನು ನಡುರಾತ್ರಿ ಅಧ್ಯಕ್ಷರ ಮನೆಗೆ ಬೀಗ ಹಾಕಿದವರ ಕೆಲಸಕ್ಕೆ ಹಚ್ಚಿದಾಗ, ಓದುಗನಿಗೆ ಅರಿವಿಲ್ಲದೆಯೇ ಆ ಗೌರವದ ಒಂದು ಪಾಲು ಅವರಿಗೂ ಸಂದಾಯವಾಗುತ್ತದೆ. ಅಧಿಕಾರ ಕಸಿದವರು ಹಂಬಲಿಸುವುದೂ ಅದನ್ನೇ. 1952ರ ಜುಲೈ 23ರಂದು ಈಜಿಪ್ಟಿನ ಸೇನಾಧಿಕಾರಿಗಳು ಅರಸ ಫಾರೂಕ್‌ನ ವಿರುದ್ಧ ಎದ್ದು ಅಧಿಕಾರ ಹಿಡಿದದ್ದು ಅಲ್ಲಿ ಇಂದಿಗೂ ಜುಲೈ ಕ್ರಾಂತಿ. 1969ರ ಸೆಪ್ಟೆಂಬರ್ 1ರಂದು ಲಿಬಿಯಾದಲ್ಲಿ ಗಡಾಫಿ ಮಾಡಿದ್ದನ್ನೂ ಅವರು ಕ್ರಾಂತಿಯೆಂದೇ ಸಾರಿದರು.

ಹಾಗೆಂದು ಪದವನ್ನೇ ಎಸೆಯಬೇಕೆಂದು ನಾನು ಹೇಳುವುದಿಲ್ಲ. ಅದು ಬಳಕೆಯಲ್ಲಿ ಬೇರು ಬಿಟ್ಟಿದೆ, ಪಠ್ಯಪುಸ್ತಕಗಳಲ್ಲಿದೆ, ಪರೀಕ್ಷೆಯ ಪ್ರಶ್ನೆಗಳಲ್ಲಿದೆ. ಒಂದೇ ಪದವಾಗಿ ‘ಕ್ಷಿಪ್ರಕ್ರಾಂತಿ’ ಎಂದು ಕೂಡಿಸಿ ಬರೆದು, ಯಾರು, ಯಾರಿಂದ, ಯಾವ ಬಲದಿಂದ ಕಸಿದರು ಎಂಬುದನ್ನು ಅದೇ ವಾಕ್ಯದಲ್ಲಿ ಹೇಳಿಬಿಟ್ಟರೆ ಅದು ಒಳ್ಳೆಯ ಪದವೇ. ತೊಂದರೆ ಆರಂಭವಾಗುವುದು ಅದನ್ನು ಒಡೆದು ಬರೆದಾಗ. ಒಡೆದ ಮೇಲೆ ‘ಕ್ಷಿಪ್ರ’ ಬರೀ ವಿಶೇಷಣವಾಗುತ್ತದೆ, ಮುಂದಿನ ವಾಕ್ಯದಲ್ಲಿ ಜಾಗ ಸಾಲದೆ ಉದುರಿಹೋಗುತ್ತದೆ, ಉಳಿಯುವುದು ಕ್ರಾಂತಿ. ನನ್ನ ವಿದ್ಯಾರ್ಥಿನಿಯ ಉತ್ತರ ಪತ್ರಿಕೆಯಲ್ಲಿ ಆದದ್ದು ಇದೇ.

ಆ್ಯಪ್‌ನ ಹಳೆಯ ಸುದ್ದಿಗಳ ಹುಡುಕಾಟದಲ್ಲಿ ಈ ಒಡಕು ಎದ್ದು ಕಾಣುತ್ತದೆ. ಕೂಡಿಸಿ ಬರೆದು ಹುಡುಕಿದರೆ ಒಂದು ಪಟ್ಟಿ ಬರುತ್ತದೆ. ಬಿಡಿಸಿ ಬರೆದು ಹುಡುಕಿದರೆ ಪೂರ್ತಿ ಬೇರೆಯದೇ ಪಟ್ಟಿ. ಮೊದಲನೆಯದರಲ್ಲಿ ಮ್ಯಾನ್ಮಾರ್ ಸಿಗುತ್ತದೆ, ನೈಜರ್ ಸಿಗುವುದಿಲ್ಲ. ಎರಡನೆಯದರಲ್ಲಿ ನೈಜರ್ ಸಿಗುತ್ತದೆ, ಜೊತೆಗೆ ಸಂಕ್ರಾಂತಿ ವಿಶೇಷ ಲೇಖನಗಳೂ ಸಿಗುತ್ತವೆ. ಗ್ಯಾಬೊನ್ ಬೇಕೆಂದರೆ ‘ಸೇನಾ ದಂಗೆ’ ಎಂದು ಹುಡುಕಬೇಕು. ಒಂದೇ ವಿಷಯದ ಮೇಲೆ ಟಿಪ್ಪಣಿ ಮಾಡುವ ಓದುಗ ಮೂರು ನಾಲ್ಕು ಸಲ ಬೇರೆ ಬೇರೆ ಪದ ಹಾಕಿ ತಡಕಾಡಬೇಕಾಗುತ್ತದೆ. ಚಂದಾ ಕಟ್ಟುವಾಗ ಹಳೆಯ ಸುದ್ದಿಗಳ ಸಂಗ್ರಹವನ್ನೇ ದೊಡ್ಡ ಆಕರ್ಷಣೆಯೆಂದು ಹೇಳಿದ್ದರು. ಪದ ಒಂದು ನೆಲೆಗೆ ನಿಲ್ಲದಿದ್ದರೆ ಸಂಗ್ರಹ ಇದ್ದೂ ಇಲ್ಲದಂತೆ.

‘ದಂಗೆ’ಯ ಬಗ್ಗೆಯೂ ನನ್ನ ಆಕ್ಷೇಪವಿದೆ. ಬಾಗಲಕೋಟೆ ಜಿಲ್ಲೆಯ ಹಲಗಲಿಯ ಬೇಡರು 1857ರಲ್ಲಿ ತಮ್ಮ ಆಯುಧಗಳನ್ನು ಒಪ್ಪಿಸಲು ನಿರಾಕರಿಸಿ ಬ್ರಿಟಿಷರ ವಿರುದ್ಧ ನಿಂತದ್ದನ್ನು ನಾವು ದಂಗೆ ಎನ್ನುತ್ತೇವೆ. ಲಾವಣಿ ಕಟ್ಟಿ ಹಾಡುತ್ತೇವೆ. ಅಲ್ಲಿ ದಂಗೆ ಎಂದರೆ ಕೆಳಗಿನವರು ಮೇಲಿನವರ ಮೇಲೆ ಎದ್ದದ್ದು. ಟ್ಯಾಂಕು, ಹೆಲಿಕಾಪ್ಟರು, ದೂರದರ್ಶನ ಕೇಂದ್ರ ಎಲ್ಲವೂ ಕೈಯಲ್ಲಿರುವ ಜನರಲ್ ಒಬ್ಬರು ನಿರಾಯುಧ ಸಂಸತ್ತನ್ನು ಮುಚ್ಚಿಸುವುದು ಅದರ ತದ್ವಿರುದ್ಧ ದಿಕ್ಕಿನ ಕೆಲಸ. ಸೈನಿಕರು ತಮ್ಮ ಮೇಲಧಿಕಾರಿಗಳ ಮಾತು ಮೀರಿದರೆ ಅದನ್ನು ಸೇನಾ ದಂಗೆ ಎನ್ನೋಣ. ಮೇಲಧಿಕಾರಿಗಳೇ ಸೇರಿ ದೇಶದ ಅಧಿಕಾರ ಹಿಡಿದರೆ ಆ ಪದ ಒಪ್ಪುವುದಿಲ್ಲ. ನೆರೆಯ ಭಾಷೆಗಳಿಗೂ ಇಂಥ ತೊಡಕು ತಪ್ಪಿಲ್ಲ. ತಮಿಳರು ‘ಇರಾಣುವಪ್ ಪುರಟ್ಚಿ’ ಎಂದಾಗ ಅಲ್ಲೂ ಕ್ರಾಂತಿಯೇ ಕೂತಿದೆ. ಮಲಯಾಳಿಗಳ ‘ಅಟ್ಟಿಮರಿ’, ಹಿಂದಿಯ ‘ತಖ್ತಾಪಲಟ್’ ಇವೆರಡರಲ್ಲಿ ಬುಡಮೇಲಾದದ್ದು ಕಾಣಿಸುತ್ತದೆ, ಹೊಗಳಿಕೆ ಕಾಣಿಸುವುದಿಲ್ಲ. ನನಗೆ ಈ ಎರಡು ಹೆಚ್ಚು ಪ್ರಾಮಾಣಿಕವೆನಿಸುತ್ತವೆ.

ಅರಬಿಯ ವಿಷಯ ಇನ್ನೂ ಸೋಜಿಗದ್ದು. ಅಲ್ಲಿ ಅಧಿಕಾರ ಕಸಿಯುವುದಕ್ಕೆ ‘ಇನ್‌ಕಿಲಾಬ್’ ಎನ್ನುತ್ತಾರೆ, ಜನಕ್ರಾಂತಿಗೆ ‘ಥವ್ರಾ’. ಅದೇ ‘ಇನ್‌ಕಿಲಾಬ್’ ಉರ್ದುವಿನ ದಾರಿಯಲ್ಲಿ ನಮ್ಮ ಸ್ವಾತಂತ್ರ್ಯ ಚಳವಳಿಗೆ ಬಂದು ಭಗತ್ ಸಿಂಗರ ಬಾಯಲ್ಲಿ ಕ್ರಾಂತಿಯ ಘೋಷಣೆಯಾಯಿತು. 2013ರ ಜುಲೈ 3ರಂದು ಈಜಿಪ್ಟಿನ ಜನರಲ್ ಸಿಸಿ ಅವರು ಚುನಾಯಿತ ಅಧ್ಯಕ್ಷ ಮೊರ್ಸಿ ಅವರನ್ನು ಇಳಿಸಿದಾಗ ಕೈರೋದ ಬೀದಿಗಳಲ್ಲಿ ನಡೆದ ಜಗಳ ಈ ಎರಡು ಪದಗಳ ಜಗಳವೂ ಆಗಿತ್ತು: ಒಂದು ಬಣಕ್ಕೆ ಅದು ಥವ್ರಾ, ಇನ್ನೊಂದಕ್ಕೆ ಇನ್‌ಕಿಲಾಬ್. ಆ್ಯಪ್‌ನ ಒಂದು ವಾರಾಂತ್ಯದ ಲೇಖನ ಇದನ್ನು ಸೊಗಸಾಗಿ ಬಿಡಿಸಿ ಹೇಳಿತ್ತು; ಇಂಥ ಲೇಖನಗಳಿಗಾಗಿಯೇ ನಾನು ಚಂದಾ ಮುಂದುವರಿಸಿದ್ದು.

ವಿವರಣಾ ಲೇಖನಗಳ ವಿಭಾಗ ಈ ಸೇವೆಯ ನಿಜವಾದ ಬಲ ಎಂಬುದನ್ನು ಮನಸಾರೆ ಹೇಳಬೇಕು. ಪದವೊಂದಕ್ಕೆ ಹಣದ ಬೆಲೆಯೂ ಇರುತ್ತದೆ ಎಂಬುದು ನನ್ನ ವಿದ್ಯಾರ್ಥಿಗಳಿಗೆ ಅರ್ಥವಾದದ್ದು ಅಲ್ಲಿಂದಲೇ. ಚುನಾಯಿತ ಸರ್ಕಾರದ ಮುಖ್ಯಸ್ಥರನ್ನು ಸೇನೆ ಪದಚ್ಯುತಗೊಳಿಸಿದ ದೇಶಕ್ಕೆ ನೆರವು ನಿಲ್ಲಿಸಬೇಕೆಂಬ ನಿಬಂಧನೆ ಅಮೆರಿಕದ ಕಾನೂನಿನಲ್ಲಿದೆ. ಆದ್ದರಿಂದ ಈಜಿಪ್ಟಿನ ವಿಷಯದಲ್ಲಿ, ವರ್ಷಕ್ಕೆ 130 ಕೋಟಿ ಡಾಲರ್ ಸೇನಾ ನೆರವು ತೂಗಾಡುತ್ತಿದ್ದಾಗ, ಅದು ಕ್ಷಿಪ್ರಕ್ರಾಂತಿಯೋ ಅಲ್ಲವೋ ಎಂದು ನಿರ್ಧರಿಸುವ ಅಗತ್ಯವೇ ತನಗಿಲ್ಲ ಎಂಬ ನಿಲುವನ್ನು ಅಮೆರಿಕ ತಳೆಯಿತು. ಮ್ಯಾನ್ಮಾರಿಗೆ 2021ರಲ್ಲಿ ಮರುದಿನವೇ ಆ ಹೆಸರು ಕೊಟ್ಟಿತು. ತನ್ನ ಡ್ರೋನ್ ನೆಲೆ ಇದ್ದ ನೈಜರ್‌ಗೆ ಆ ಹೆಸರು ಕೊಡಲು 2023ರ ಅಕ್ಟೋಬರ್ 10ರವರೆಗೆ ಕಾಯಿತು. ಜುಲೈ 26ರಿಂದ ಅಕ್ಟೋಬರ್ 10ರವರೆಗಿನ ಆ ಅಂತರವನ್ನು ಒಂದು ಗೆರೆಯ ಮೇಲೆ ದಿನಾಂಕಗಳನ್ನಿಟ್ಟು ತೋರಿಸಿದ ಚಿತ್ರ ಆ್ಯಪ್‌ನಲ್ಲಿತ್ತು. ನಾನು ಅದನ್ನು ಕಪ್ಪು ಹಲಗೆಯ ಮೇಲೆ ಹಾಗೆಯೇ ಬರೆದು ಪಾಠ ಮಾಡಿದೆ.

ಹೆಸರಿನಿಂದ ತಪ್ಪಿಸಿಕೊಳ್ಳುವವರು ದೂರದ ಸರ್ಕಾರಗಳಷ್ಟೇ ಅಲ್ಲ, ಕಸಿದವರೂ ಹೌದು. 2017ರ ನವೆಂಬರ್ 15ರ ನಸುಕಿನಲ್ಲಿ ಜಿಂಬಾಬ್ವೆಯ ದೂರದರ್ಶನದಲ್ಲಿ ಸೇನಾ ಸಮವಸ್ತ್ರದ ಮೇಜರ್ ಜನರಲ್ ಒಬ್ಬರು ಕಾಣಿಸಿಕೊಂಡು, ಇದು ಸೇನೆಯಿಂದ ಸರ್ಕಾರದ ಸ್ವಾಧೀನವಲ್ಲ ಎಂದು ಓದಿ ಹೇಳಿದರು. ಆರು ದಿನಗಳ ನಂತರ ಅಧ್ಯಕ್ಷ ಮುಗಾಬೆ ರಾಜೀನಾಮೆ ಕೊಟ್ಟರು. ಮ್ಯಾನ್ಮಾರಿನ ಸೇನೆ 2021ರ ಫೆಬ್ರುವರಿ 1ರಂದು, ಹೊಸ ಸಂಸತ್ತು ಸೇರಬೇಕಿದ್ದ ದಿನವೇ, ಆಂಗ್ ಸಾನ್ ಸೂ ಕಿ ಮತ್ತು ಅಧ್ಯಕ್ಷ ವಿನ್ ಮಿಂಟ್ ಅವರನ್ನು ಬಂಧಿಸಿ, ತಾನು ಸಂವಿಧಾನದ 417ನೇ ವಿಧಿಯಂತೆ ತುರ್ತುಸ್ಥಿತಿ ಹೇರಿದ್ದೇನೆ ಎಂದಿತು, ತನ್ನ ಸರ್ಕಾರವನ್ನು ಸೇನಾಕೂಟವೆಂದು ಕರೆಯಬೇಡಿರೆಂದು ಪತ್ರಿಕೆಗಳಿಗೆ ಎಚ್ಚರಿಕೆ ಕೊಟ್ಟಿತು. ಆ ದಿನ ಬೆಳಿಗ್ಗೆ ರಾಜಧಾನಿ ನೇಪಿಡಾದ ಅಗಲ ರಸ್ತೆಯ ಮುಂದೆ ನಿಂತು ಏರೋಬಿಕ್ಸ್ ವ್ಯಾಯಾಮದ ವಿಡಿಯೊ ಮಾಡುತ್ತಿದ್ದ ಶಿಕ್ಷಕಿಯ ಬೆನ್ನ ಹಿಂದೆ ಕಪ್ಪು ವಾಹನಗಳ ಸಾಲು ಸಂಸತ್ತಿನ ಕಡೆಗೆ ಸರಿದುಹೋಗುವ ದೃಶ್ಯವನ್ನು ಜಗತ್ತೆಲ್ಲ ನೋಡಿದೆ. ತರಗತಿಯಲ್ಲಿ ಆ ತುಣುಕನ್ನು ತೋರಿಸಿದರೆ ‘ಕ್ಷಿಪ್ರ’ ಎಂಬ ಪದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ: ಮುಂದೆ ಸಂಗೀತ, ಕೈಕಾಲು ಆಡಿಸುವುದು, ಹಿಂದೆ ಒಂದು ದೇಶದ ಚುನಾವಣೆ ರದ್ದಾಗುತ್ತಿರುವುದು.

ಇಷ್ಟು ಒಳ್ಳೆಯ ಲೇಖನಗಳನ್ನು ಬರೆಯಬಲ್ಲ ಸೇವೆಯ ಅಲರ್ಟ್‌ಗಳು ಮಾತ್ರ ಬೇರೆ ಯಾರೋ ಬರೆದಂತಿರುತ್ತವೆ. 2024ರ ಆಗಸ್ಟ್ 5ರ ಮಧ್ಯಾಹ್ನ ಶೇಖ್ ಹಸೀನಾ ಢಾಕಾ ತೊರೆದಾಗ ಬಂದ ಅಲರ್ಟ್, “ಬಾಂಗ್ಲಾದಲ್ಲಿ ಕ್ಷಿಪ್ರ ಕ್ರಾಂತಿ” ಎಂದಿತು. ವಾರಗಟ್ಟಲೆ ವಿದ್ಯಾರ್ಥಿಗಳು ಮೀಸಲಾತಿಯ ವಿರುದ್ಧ ಹೋರಾಡಿ, ನೂರಾರು ಜನ ಸತ್ತು, ಕೊನೆಗೆ ಲಕ್ಷಾಂತರ ಜನ ರಾಜಧಾನಿಗೆ ನಡೆದುಬಂದದ್ದು ಕ್ಷಿಪ್ರವೂ ಅಲ್ಲ, ಕಸಿಯುವಿಕೆಯೂ ಅಲ್ಲ. ಬಂಗಾಳಿಗರು ಅದನ್ನು ಗಣ ಅಭ್ಯುತ್ಥಾನ ಎನ್ನುತ್ತಾರೆ. 1975ರ ಆಗಸ್ಟ್ 15ರಂದು ಸೇನಾಧಿಕಾರಿಗಳು ಶೇಖ್ ಮುಜೀಬರನ್ನು ಮನೆಯಲ್ಲೇ ಕೊಂದದ್ದಕ್ಕೆ ಸಾಮರಿಕ ಅಭ್ಯುತ್ಥಾನ ಎನ್ನುತ್ತಾರೆ. ಗೀತೆಯ ಶ್ಲೋಕದಿಂದ ನಮಗೆಲ್ಲ ಪರಿಚಿತವಾದ ಅಭ್ಯುತ್ಥಾನವೇ ಅದು. ಮೂಲಪದ ಒಂದೇ ಆದರೂ ಹಿಂದೆ ‘ಗಣ’ವೋ ‘ಸಾಮರಿಕ’ವೋ ಸೇರದೆ ಅವರು ಅದನ್ನು ಬಿಡುವುದಿಲ್ಲ. ಈ ಶಿಸ್ತನ್ನು ನಾವು ಕಲಿಯಬೇಕು. ನೇಪಾಳದಲ್ಲಿ 2025ರ ಸೆಪ್ಟೆಂಬರ್ 9ರಂದು ಪ್ರಧಾನಿ ಓಲಿ ರಾಜೀನಾಮೆ ಕೊಟ್ಟಾಗಲೂ ಅದೇ ತಪ್ಪು ಮರುಕಳಿಸಿತು. ಸೇನೆ ಬೀದಿಗೆ ಬಂದಿತಾದರೂ ಗದ್ದುಗೆ ಹಿಡಿಯಲಿಲ್ಲ, ಮೂರು ದಿನಗಳಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಸುಶೀಲಾ ಕಾರ್ಕಿ ಮಧ್ಯಂತರ ಪ್ರಧಾನಿಯಾದರು.

ದಕ್ಷಿಣ ಕೊರಿಯಾದ ವಿಷಯದಲ್ಲಿ ಆ್ಯಪ್ ಅದಕ್ಕೆ ವಿರುದ್ಧವಾದ ತಪ್ಪು ಮಾಡಿತು: ಬಳಸಬೇಕಾದಲ್ಲಿ ಬಳಸಲಿಲ್ಲ. 2024ರ ಡಿಸೆಂಬರ್ 3ರ ರಾತ್ರಿ ಅಧ್ಯಕ್ಷ ಯೂನ್ ಸುಕ್ ಯೋಲ್ ಸೇನಾಡಳಿತ ಘೋಷಿಸಿ ಸಂಸತ್ತಿಗೆ ಸೈನಿಕರನ್ನು ಕಳಿಸಿದರು. ಸದಸ್ಯರು ಗೋಡೆ ಹಾರಿ ಒಳಗೆ ಹೋಗಿ ಸೇರಿದರು. ಹಾಜರಿದ್ದ 190 ಮಂದಿಯೂ ಒಮ್ಮತದಿಂದ ಅದನ್ನು ತಿರಸ್ಕರಿಸಿದರು. ಬೆಳಗಾಗುವುದರೊಳಗೆ ಆದೇಶ ಹಿಂದಕ್ಕೆ ಹೋಯಿತು. ಮೊದಲ ದಿನವಿಡೀ ಆ್ಯಪ್ ಅದನ್ನು ‘ತುರ್ತುಸ್ಥಿತಿ’ ಎಂದಷ್ಟೇ ಬರೆಯಿತು. ಮರುದಿನ ಸಂಜೆಗೆ ಒಬ್ಬ ಬರಹಗಾರರು ‘ಅಧ್ಯಕ್ಷರದೇ ಕ್ಷಿಪ್ರಕ್ರಾಂತಿ ಯತ್ನ’ ಎಂದು ಬರೆದರು. ನಾಲ್ಕು ಪದಗಳಲ್ಲ, ಮೂರೇ ಪದ. ಆದರೆ ವಿಷಯವೆಲ್ಲ ಅದರಲ್ಲಿತ್ತು. ಅಧಿಕಾರದಲ್ಲಿ ಇದ್ದವರೇ ತಮಗಿಲ್ಲದ ಅಧಿಕಾರವನ್ನು ಕಸಿಯುವುದು ಹೊಸದೇನಲ್ಲ. ಫ್ರಾನ್ಸಿನಲ್ಲಿ 1851ರ ಡಿಸೆಂಬರ್ 2ರಂದು ಚುನಾಯಿತ ಅಧ್ಯಕ್ಷನಾಗಿದ್ದ ಲೂಯಿ ನೆಪೋಲಿಯನ್ ಸಂಸತ್ತನ್ನು ವಿಸರ್ಜಿಸಿ, ಸರಿಯಾಗಿ ಒಂದು ವರ್ಷಕ್ಕೆ ಚಕ್ರವರ್ತಿಯಾದ. ಪೆರುವಿನಲ್ಲಿ 1992ರ ಏಪ್ರಿಲ್ 5ರಂದು ಅಧ್ಯಕ್ಷ ಫುಜಿಮೋರಿ ಸಂಸತ್ತನ್ನು ಮುಚ್ಚಿಸಿದರು, ಅದಕ್ಕೆ ಸ್ಪ್ಯಾನಿಷಿನಲ್ಲಿ ‘ಆಟೊಗೋಲ್ಪೆ’, ಸ್ವಯಂ ಪೆಟ್ಟು, ಎಂಬ ಹೆಸರೇ ಇದೆ. ‘ಯತ್ನ’ ಎಂಬ ಸಣ್ಣ ಮಾತನ್ನು ಸೇರಿಸಿದ ಆ ಬರಹಗಾರರ ಎಚ್ಚರ ನನಗೆ ಬಹಳ ಹಿಡಿಸಿತು. 2016ರ ಜುಲೈ 15ರ ತುರ್ಕಿಯದ್ದೂ ಯತ್ನವೇ. ಆ್ಯಪ್‌ನ ಹಳೆಯ ಸುದ್ದಿಗಳಲ್ಲಿ ಅರ್ಧದಷ್ಟು ಕಡೆ ಆ ಮಾತು ಬಿಟ್ಟುಹೋಗಿ, ಅಲ್ಲಿನ ಅಧ್ಯಕ್ಷ ಎರ್ದೊಆನ್ ಅವರ ಸರ್ಕಾರ ಅಂದೇ ಬಿತ್ತೇನೋ ಎಂಬ ಭಾವನೆ ಹುಟ್ಟಿಸುತ್ತದೆ.

ನಿಜಕ್ಕೂ ಕಷ್ಟದ ಪ್ರಕರಣ ಮಡಗಾಸ್ಕರ್. 2025ರ ಸೆಪ್ಟೆಂಬರ್ ಕೊನೆಯಲ್ಲಿ ನೀರು ಮತ್ತು ವಿದ್ಯುತ್ತಿಗಾಗಿ ಯುವಜನರು ಬೀದಿಗಿಳಿದರು. ಅಕ್ಟೋಬರ್‌ನಲ್ಲಿ ಕ್ಯಾಪ್ಸಾಟ್ ಎಂಬ ಸೇನಾ ಘಟಕ ಅವರ ಕಡೆ ಸೇರಿತು. ಅಧ್ಯಕ್ಷ ರಾಜೊಎಲಿನಾ ದೇಶ ಬಿಟ್ಟರು. 14ರಂದು ಅದೇ ಘಟಕದ ಕರ್ನಲ್ ರಂದ್ರಿಯನಿರಿನಾ ಅಧಿಕಾರ ವಹಿಸಿಕೊಂಡರು, ಸಾಂವಿಧಾನಿಕ ನ್ಯಾಯಾಲಯವೂ ಅವರನ್ನು ಕರೆಯಿತು, ಆಫ್ರಿಕಾ ಒಕ್ಕೂಟ ಆ ದೇಶವನ್ನು ಅಮಾನತಿನಲ್ಲಿಟ್ಟಿತು. ಜನರು ಎದ್ದದ್ದೋ, ಸೇನೆ ಕಸಿದದ್ದೋ? ಎರಡೂ ಇದ್ದವು. 1974ರ ಏಪ್ರಿಲ್ 25ರಂದು ಪೋರ್ಚುಗಲ್‌ನ ಯುವ ಕ್ಯಾಪ್ಟನ್‌ಗಳು ಮಾಡಿದ್ದು ಬೆಳಗಿನ ಜಾವ ಕ್ಷಿಪ್ರಕ್ರಾಂತಿಯೇ ಆಗಿತ್ತು. ಜನರು ಬಂದು ಬಂದೂಕಿನ ಕೊಳವೆಗಳಿಗೆ ಕೆಂಪು ಕಾರ್ನೇಷನ್ ಹೂ ಸಿಕ್ಕಿಸಿದ ಮೇಲೆ ಅದು ಕ್ರಾಂತಿಯಾಗಿ ಬೆಳೆಯಿತು. ಇಂಥ ಕಡೆ ಮೊದಲ ದಿನವೇ ಒಂದು ಹೆಸರು ಅಂಟಿಸದೆ, ‘ಸೇನಾ ಘಟಕ ಅಧಿಕಾರ ಹಿಡಿಯಿತು’ ಎಂದು ನಡೆದದ್ದನ್ನು ನಡೆದಂತೆ ಬರೆಯುವುದೇ ಸರಿ. ಆ್ಯಪ್ ಈ ಸಲ ಹಾಗೆಯೇ ಬರೆಯಿತು. ಎರಡು ವರ್ಷಗಳಲ್ಲಿ ಅವರು ಕಲಿತಿದ್ದಾರೆ ಎಂಬುದು ನನಗೆ ಸಂತೋಷದ ವಿಷಯ.

ಕಲಿಯದೆ ಉಳಿದಿರುವುದು ರಾಜ್ಯ ರಾಜಕೀಯದ ವಿಭಾಗ. ಶಾಸಕರು ರೆಸಾರ್ಟ್ ಸೇರಿದರೆ ಕ್ಷಿಪ್ರಕ್ರಾಂತಿ, ಸಚಿವರೊಬ್ಬರು ದೆಹಲಿಗೆ ಹೋದರೆ ಕ್ಷಿಪ್ರಕ್ರಾಂತಿ, 2025ರಲ್ಲಂತೂ ಮುಖ್ಯಮಂತ್ರಿ ಬದಲಾವಣೆಯ ಗಾಳಿಮಾತಿಗೆ ತಿಂಗಳ ಹೆಸರನ್ನೇ ಕಟ್ಟಿ ‘ನವೆಂಬರ್ ಕ್ರಾಂತಿ’ ಎಂಬ ಮಾತು ಎಲ್ಲ ವಾಹಿನಿಗಳಲ್ಲೂ ಓಡಾಡಿತು. 2019ರ ಜುಲೈ 23ರಂದು ವಿಧಾನಸಭೆಯಲ್ಲಿ ವಿಶ್ವಾಸಮತ 99ಕ್ಕೆ 105ರಿಂದ ಬಿದ್ದು ಮೈತ್ರಿ ಸರ್ಕಾರ ಹೋದದ್ದನ್ನೂ ಆ್ಯಪ್‌ನ ಹಿನ್ನೋಟದ ಲೇಖನ ಕ್ಷಿಪ್ರಕ್ರಾಂತಿ ಎಂದೇ ಕರೆಯಿತು. ಅಲ್ಲಿ ನಡೆದ ಪಕ್ಷಾಂತರವನ್ನು ಎಷ್ಟು ಕಟುವಾಗಿ ಟೀಕಿಸಿದರೂ ನನ್ನ ಒಪ್ಪಿಗೆಯಿದೆ. ಆದರೆ ಸದನದಲ್ಲಿ ತಲೆ ಎಣಿಸಿ ಸೋತದ್ದು, ವಾರಗಟ್ಟಲೆ ಎಲ್ಲರ ಕಣ್ಣೆದುರು ನಡೆದದ್ದು, ನಡುರಾತ್ರಿಯ ಬಂದೂಕಿನ ಹೆಸರಿಗೆ ಸೇರುವುದಿಲ್ಲ. ಈ ಬಳಕೆಯಿಂದ ಆಗುವ ಹಾನಿ ಎರಡು ಕಡೆಯದು. ಪಕ್ಷಾಂತರ, ನಾಯಕತ್ವ ಬದಲಾವಣೆ, ಒಳಜಗಳ ಎಂಬ ಸರಿಯಾದ ಪದಗಳು ಮೂಲೆ ಸೇರುತ್ತವೆ. ಅತ್ತ ಮ್ಯಾನ್ಮಾರಿನಲ್ಲಿ ಸಾವಿರಾರು ಜನ ಜೀವ ತೆತ್ತ ಘಟನೆಯ ಹೆಸರು, ದಿನವೂ ಕೇಳಿ ಕೇಳಿ ಸವೆದು, ಓದುಗನ ಎದೆಯಲ್ಲಿ ಏನನ್ನೂ ಕದಲಿಸದಂತಾಗುತ್ತದೆ. ನನ್ನ ತರಗತಿಯಲ್ಲಿ ಕ್ಷಿಪ್ರಕ್ರಾಂತಿಗೆ ಉದಾಹರಣೆ ಕೊಡಿ ಎಂದಾಗ ಮೊದಲ ಮೂರು ಕೈಗಳು ಎದ್ದು ಹೇಳಿದ್ದು ಬೆಂಗಳೂರಿನ ಘಟನೆಗಳನ್ನು.

ಸುದ್ದಿಯನ್ನು ಓದಿ ಹೇಳುವ ಧ್ವನಿ ಸೌಲಭ್ಯದ ಬಗ್ಗೆ ಒಂದೇ ಮಾತು: ಬಿಡಿಸಿ ಬರೆದಾಗ ಯಂತ್ರದ ಧ್ವನಿ ‘ಕ್ಷಿಪ್ರ’ದ ನಂತರ ಉಸಿರು ತೆಗೆದುಕೊಂಡು ‘ಕ್ರಾಂತಿ’ಯನ್ನು ಒತ್ತಿ ಹೇಳುತ್ತದೆ, ಕೂಡಿಸಿ ಬರೆದಾಗ ಸರಿಯಾಗಿ ಓದುತ್ತದೆ. ಕಣ್ಣು ಕಾಣದ ನನ್ನ ಇಬ್ಬರು ವಿದ್ಯಾರ್ಥಿಗಳು ಕೇಳಿಯೇ ಓದುವವರು. ಅವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ತಿದ್ದುಪಡಿಯ ವಿಷಯಕ್ಕೆ ಬಂದರೆ, ನೈಜರ್ ಸುದ್ದಿಯ ಬಗ್ಗೆ ನಾನು ಬರೆದ ಪತ್ರಕ್ಕೆ ಹನ್ನೊಂದು ದಿನಗಳ ಬಳಿಕ ಸೌಜನ್ಯದ ಉತ್ತರ ಬಂತು, ಶೀರ್ಷಿಕೆ ಬದಲಾಯಿತು. ಆದರೆ ಬದಲಾದದ್ದನ್ನು ಸುದ್ದಿಯ ಕೆಳಗೆ ಎಲ್ಲೂ ಹೇಳಲಿಲ್ಲ. ಮೊದಲಿನ ರೂಪವನ್ನು ಓದಿ ಟಿಪ್ಪಣಿ ಮಾಡಿಕೊಂಡವರಿಗೆ ಅದು ತಪ್ಪೆಂದು ತಿಳಿಯುವ ದಾರಿಯೇ ಇಲ್ಲ. ಬಾಂಗ್ಲಾದೇಶದ ಅಲರ್ಟ್ ಬಗ್ಗೆ ಬರೆದ ಪತ್ರಕ್ಕೆ ಉತ್ತರ ಬರಲಿಲ್ಲ.

ಚಂದಾ ಕಟ್ಟಬಹುದೇ ಎಂದು ಕೇಳುವ ಸಹೋದ್ಯೋಗಿಗಳಿಗೆ ನಾನು ಹೇಳುವುದಿಷ್ಟು. ವಿದೇಶಿ ವಿದ್ಯಮಾನಗಳ ವಿವರಣಾ ಲೇಖನಗಳಿಗಾಗಿ ಖಂಡಿತ ಕಟ್ಟಿ. ಕನ್ನಡದಲ್ಲಿ ಅಷ್ಟು ಶ್ರದ್ಧೆಯಿಂದ ಆಫ್ರಿಕಾದ ಬಗ್ಗೆ ಬರೆಯುವವರು ನನಗೆ ಬೇರೆ ಕಡೆ ಸಿಕ್ಕಿಲ್ಲ. ಅಲರ್ಟ್‌ಗಳನ್ನು ನಂಬಿ ಟಿಪ್ಪಣಿ ಮಾಡಬೇಡಿ, ಘಟನೆ ನಡೆದು ಮೂರು ನಾಲ್ಕು ದಿನ ಬಿಟ್ಟು ಓದಿ. ಹುಡುಕುವಾಗ ಪದವನ್ನು ಕೂಡಿಸಿಯೂ ಬಿಡಿಸಿಯೂ ಹಾಕಿ, ‘ಸೇನಾ ದಂಗೆ’ಯನ್ನೂ ಮರೆಯಬೇಡಿ. ನಾನು ಇನ್ನೊಂದು ವರ್ಷಕ್ಕೆ ಚಂದಾ ನವೀಕರಿಸಿದ್ದೇನೆ, ರಾಜ್ಯ ರಾಜಕೀಯದ ಅಲರ್ಟ್‌ಗಳನ್ನು ಮುಚ್ಚಿಟ್ಟಿದ್ದೇನೆ. ಗದಗದ ಆ ವಿದ್ಯಾರ್ಥಿನಿಯ ಉತ್ತರಕ್ಕೆ ಕಳೆದಿದ್ದ ಎರಡು ಅಂಕಗಳನ್ನು ಅಂದೇ ಹಿಂದಿರುಗಿಸಿದೆ. ಕೆಂಪು ಸುತ್ತಿನ ಪಕ್ಕದಲ್ಲಿ ಅವಳು ತನ್ನ ದುಂಡು ಅಕ್ಷರದಲ್ಲಿ “ಅಂಗರಕ್ಷಕ ಪಡೆ ಅಧ್ಯಕ್ಷರಿಂದ ಅಧಿಕಾರ ಕಸಿದುಕೊಂಡಿತು” ಎಂದು ಬರೆದು, ‘ಕಸಿದುಕೊಂಡಿತು’ ಎಂಬುದರ ಕೆಳಗೆ ಎರಡು ಗೆರೆ ಎಳೆದಳು.